ಪಕ್ಕದ ಪರದೆಯತ್ತ ಇಣುಕಬಾರದು

1996ರ ಜುಲೈ 11ರಂದು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಒಂದು ಕಾಫಿ ಅಂಗಡಿ ಆರಂಭವಾಯಿತು. ಬೆಂಗಳೂರಿಗೆ ಕಾಫಿ ಅಂಗಡಿಗಳ ಬರ ಎಂದೂ ಇರಲಿಲ್ಲ. ನಿಂತು ಕುಡಿಯುವ ದರ್ಶಿನಿಗಳಿದ್ದವು, ಕೂತು ಹರಟುವ ಹಳೆಯ ಹೋಟೆಲುಗಳಿದ್ದವು. ಆದರೆ ಈ ಹೊಸ ಅಂಗಡಿಯಲ್ಲಿ ಕಾಫಿಯ ಜೊತೆಗೆ ಇಂಟರ್‌ನೆಟ್ ಸಂಪರ್ಕವುಳ್ಳ ಗಣಕಯಂತ್ರವೂ ಸಿಗುತ್ತಿತ್ತು. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಕುಟುಂಬದಿಂದ ಬಂದ ವಿ.ಜಿ. ಸಿದ್ಧಾರ್ಥ ತೆರೆದ ಆ ಮಳಿಗೆಯೇ ಮುಂದೆ ದೇಶದ ಉದ್ದಗಲಕ್ಕೆ ಹಬ್ಬಿದ ಕೆಫೆ ಕಾಫಿ ಡೇ ಸರಣಿಗೆ ಮೊದಲನೆಯದು.

ನಂತರದ ಹತ್ತು ಹದಿನೈದು ವರ್ಷಗಳಲ್ಲಿ ಕಾಫಿ ಹಿಂದೆ ಸರಿದು ಗಣಕಯಂತ್ರಗಳಷ್ಟೇ ಉಳಿದ ಸೈಬರ್ ಕೆಫೆಗಳು ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಎದುರಿಗೂ ಬಂದವು. ಒಂದು ಇಡೀ ತಲೆಮಾರು ಅಂತರ್ಜಾಲವನ್ನು ಮೊದಲು ಕಂಡದ್ದು ಮನೆಯಲ್ಲಲ್ಲ, ಗಂಟೆಗಿಷ್ಟು ಎಂದು ಹಣ ತೆತ್ತು ಕೂತ ಇಂಥ ಅಂಗಡಿಗಳಲ್ಲಿ. ತನ್ನದಲ್ಲದ ಯಂತ್ರದ ಮುಂದೆ, ಹತ್ತಾರು ಅಪರಿಚಿತರ ನಡುವೆ ಕೂತು ತನ್ನ ಖಾಸಗಿ ಪತ್ರ ಓದುವುದು ಹೇಗೆ? ಸೈಬರ್ ಕೆಫೆಯ ರೀತಿ-ರಿವಾಜುಗಳೆಲ್ಲ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ ಎನ್ನಬಹುದು.

ಕಾಫಿ ಮನೆಯ ಹಳೆಯ ಕಟ್ಟಳೆ

ಕಾಫಿ ಅಂಗಡಿಗೆ ನಿಯಮಗಳ ಪಟ್ಟಿ ಹೊಸದಲ್ಲ. ಲಂಡನ್ನಿನಲ್ಲಿ ಮೊದಲ ಕಾಫಿ ಮನೆ ತೆರೆದದ್ದು 1652ರಲ್ಲಿ. 1674ರಲ್ಲಿ ಅಲ್ಲಿ ಕಾಫಿ ಮನೆಗಳ ಕಟ್ಟಳೆಗಳನ್ನು ಪದ್ಯದಲ್ಲಿ ಬರೆದ ಒಂದು ಹಾಳೆ ಅಚ್ಚಾಯಿತು. ಯಾರು ಬೇಕಾದರೂ ಖಾಲಿ ಇರುವ ಜಾಗದಲ್ಲಿ ಕೂರಬಹುದು, ದೊಡ್ಡವರು ಬಂದರೆಂದು ಏಳಬೇಕಿಲ್ಲ ಎಂಬುದು ಅದರಲ್ಲಿನ ಒಂದು ನಿಯಮ. ಆಣೆ ಹಾಕಿ ಬಯ್ದವನು 12 ಪೆನ್ಸ್ ದಂಡ ತೆರಬೇಕು, ಜಗಳ ತೆಗೆದವನು ಎಲ್ಲರಿಗೂ ಕಾಫಿ ಕೊಡಿಸಬೇಕು ಎಂದೂ ಅದರಲ್ಲಿತ್ತು.

ಒಂದು ಪೆನ್ನಿ ಕೊಟ್ಟು ಒಳಹೊಕ್ಕವರು ಕಾಫಿ ಕುಡಿಯುತ್ತಾ ಸುದ್ದಿಪತ್ರ ಓದಬಹುದಿತ್ತು. ವ್ಯಾಪಾರಿ, ವಕೀಲ, ಕವಿ ಒಂದೇ ಮೇಜಿನ ಸುತ್ತ ಸೇರುತ್ತಿದ್ದರು. ಸುದ್ದಿ ಸಲೀಸಾಗಿ ಓಡಾಡುವ ಜಾಗವೆಂದರೆ ಆಳುವವರಿಗೆ ಅಳುಕು. 1675ರ ಡಿಸೆಂಬರ್ 29ರಂದು ದೊರೆ ಎರಡನೇ ಚಾರ್ಲ್ಸ್ ಕಾಫಿ ಮನೆಗಳನ್ನು ಮುಚ್ಚಿಸುವ ಘೋಷಣೆ ಹೊರಡಿಸಿದ. ಜನರ ವಿರೋಧ ಎಷ್ಟಿತ್ತೆಂದರೆ, ಆಜ್ಞೆ ಜಾರಿಗೆ ಬರುವ ಮೊದಲೇ, 1676ರ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಮೊದಲು ಗಿರಾಕಿಗಳ ನಡುವಿನ ಸಭ್ಯತೆ, ಆಮೇಲೆ ಸರ್ಕಾರದ ಅಂಕುಶ ಎಂಬ ಈ ಕ್ರಮ ಮುನ್ನೂರು ವರ್ಷಗಳ ನಂತರ ಸೈಬರ್ ಕೆಫೆಯಲ್ಲೂ ಮರುಕಳಿಸಿತು.

ಸಿಯೋಲ್‌ನಿಂದ ಲಂಡನ್ನಿಗೆ

ಕಾಫಿ ಮೇಜಿನ ಮೇಲೆ ಗಣಕಯಂತ್ರ ಇರಿಸುವ ಯೋಚನೆ ಒಬ್ಬರದೇ ಅಲ್ಲ. 1988ರಲ್ಲಿ ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ, ಹೊಂಗಿಕ್ ವಿಶ್ವವಿದ್ಯಾಲಯದ ಬಳಿ, ಆನ್ ಸಾಂಗ್-ಸೂ ಮತ್ತು ಕುಮ್ ನೂರಿ ಎಂಬ ಕಲಾವಿದರು ‘ಎಲೆಕ್ಟ್ರಾನಿಕ್ ಕೆಫೆ’ ತೆರೆದು, ಎರಡು ಗಣಕಯಂತ್ರಗಳಿಗೆ ದೂರವಾಣಿ ತಂತಿಯ ಮೂಲಕ ಹೊರಜಗತ್ತಿನ ಸಂಪರ್ಕ ಕೊಟ್ಟರು. 1991ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೇಯ್ನ್ ಗ್ರೆಗೋರಿ ಎಂಬಾತ ಊರಿನ ಕಾಫಿ ಅಂಗಡಿಗಳಲ್ಲಿ ನಾಣ್ಯ ಹಾಕಿದರೆ ನಡೆಯುವ ಯಂತ್ರಗಳನ್ನು ಕೂರಿಸಿದ. ಒಂದು ಅಂಗಡಿಯಲ್ಲಿ ಕೂತವರು ಮತ್ತೊಂದರಲ್ಲಿದ್ದವರೊಡನೆ ಅಕ್ಷರಗಳಲ್ಲೇ ಹರಟುತ್ತಿದ್ದರು.

1994ರ ಸೆಪ್ಟೆಂಬರ್ 1ರಂದು ಲಂಡನ್ನಿನ ವಿಟ್‌ಫೀಲ್ಡ್ ಬೀದಿಯಲ್ಲಿ ‘ಸೈಬೀರಿಯಾ’ ಎಂಬ ಹೆಸರಿನ ಕೆಫೆ ಬಾಗಿಲು ತೆರೆಯಿತು. ಹಿಮದ ನಾಡಿನ ಹೆಸರಿಗೆ ‘ಸೈಬರ್’ ಬೆರೆಸಿದ ಚಮತ್ಕಾರ ಅದು. ಸ್ಥಾಪಕರಲ್ಲಿ ಒಬ್ಬರಾದ ಈವಾ ಪ್ಯಾಸ್ಕೊ ಅವರಿಗೆ ಒಂದು ನಿರ್ದಿಷ್ಟ ಉದ್ದೇಶವಿತ್ತು. ಗಣಕಯಂತ್ರವೆಂದರೆ ಗಂಡಸರ ಆಟಿಕೆ ಎಂದು ದೂರ ನಿಂತಿದ್ದ ಹೆಂಗಸರು ಅಂಜಿಕೆಯಿಲ್ಲದೆ ಬಂದು ಕಲಿಯುವ ಜಾಗ ಬೇಕು ಎಂಬುದು ಅವರ ಆಶಯ. ಲಂಡನ್ನಿನ ಹಳೆಯ ಕಾಫಿ ಮನೆಗಳು ಬಹುತೇಕ ಗಂಡಸರವೇ ಆಗಿದ್ದವು ಎಂಬುದನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ.

ಅರವತ್ತು ರೂಪಾಯಿಯ ಗಂಟೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಒಡೆತನದಲ್ಲಿದ್ದ ವಿದೇಶ ಸಂಚಾರ ನಿಗಮದ ಮೂಲಕ. ವಿದ್ಯಾರ್ಥಿಗಳಿಗೆ 500 ರೂಪಾಯಿಗೆ ಸಂಪರ್ಕವಿತ್ತಾದರೂ ಅದರಲ್ಲಿ ಬರೀ ಅಕ್ಷರ ಕಾಣುತ್ತಿತ್ತು. ಚಿತ್ರಗಳೂ ಕಾಣುವ ಸಂಪರ್ಕ ಬೇಕೆಂದರೆ ವ್ಯಕ್ತಿಯೊಬ್ಬ 250 ಗಂಟೆಗಳಿಗೆ 15,000 ರೂಪಾಯಿ ಕಟ್ಟಬೇಕಿತ್ತು. ಅಂದರೆ ಗಂಟೆಗೆ 60 ರೂಪಾಯಿ. ಅದರ ಮೇಲೆ ದೂರವಾಣಿ ಕರೆಯ ವೆಚ್ಚ, ಗಣಕಯಂತ್ರದ ಬೆಲೆ ಬೇರೆ. ವೇಗವೋ, ಸೆಕೆಂಡಿಗೆ 9.6 ಕಿಲೋಬಿಟ್. 60 ಕಿಲೋಬೈಟಿನ ಒಂದು ಚಿತ್ರ ಪರದೆಯ ಮೇಲೆ ಪೂರ್ತಿ ಮೂಡಲು ಸುಮಾರು 50 ಸೆಕೆಂಡು ಕಾಯಬೇಕು.

ಮಧ್ಯಮ ವರ್ಗದ ಮನೆಗೆ ಇದು ನಿಲುಕುವ ಮಾತಲ್ಲ. ಒಬ್ಬ ಅಂಗಡಿಯಾತ ಸಂಪರ್ಕ ಪಡೆದು ಹತ್ತು ಜನರಿಗೆ ಗಂಟೆ ಲೆಕ್ಕದಲ್ಲಿ ಹಂಚಿದರೆ? ಸೈಬರ್ ಕೆಫೆಯ ಅರ್ಥಶಾಸ್ತ್ರ ಇಷ್ಟೇ. 1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಇಂಟರ್‌ನೆಟ್ ಸೇವೆಯ ಅವಕಾಶ ಸಿಕ್ಕ ಮೇಲೆ ದರ ಇಳಿಯಿತು, ಅಂಗಡಿಗಳು ಹೆಚ್ಚಿದವು. ಆ ಹೊತ್ತಿಗಾಗಲೇ ಬೀದಿ ಬೀದಿಯಲ್ಲಿ ಎಸ್‌ಟಿಡಿ ಬೂತ್‌ಗಳಿದ್ದವು. ಗಾಜಿನ ಗೂಡು, ಸೆಕೆಂಡಿಗೊಮ್ಮೆ ಏರುವ ಮೀಟರು, ಹೊರಗೆ ಕಾಯುವವರ ಅಸಹನೆ, ಒಳಗಿನ ಮಾತು ಕೇಳಿಯೂ ಕೇಳದಂತೆ ಕೂತ ಮಾಲೀಕ, ಇವೆಲ್ಲ ಜನರಿಗೆ ಪರಿಚಿತ. ಅನೇಕ ಬೂತ್‌ಗಳವರೇ ಜೆರಾಕ್ಸ್ ಯಂತ್ರದ ಪಕ್ಕಕ್ಕೆ ಎರಡು ಗಣಕಯಂತ್ರ ಇಟ್ಟು ಕೆಫೆಯ ಬೋರ್ಡು ತೂಗುಹಾಕಿದರು. ಬೂತ್‌ನ ನಡವಳಿಕೆಯೂ ಹಾಗೆಯೇ ಕೆಫೆಗೆ ಬಂತು.

ಎಲ್ಲರೂ ಕೇಳುತ್ತಿದ್ದ ಪ್ರಶ್ನೆಗಳು

ಮೊದಲ ಬಾರಿ ಬಂದವರ ಪ್ರಶ್ನೆಗಳು ಊರು ಯಾವುದಾದರೂ ಹೆಚ್ಚುಕಡಿಮೆ ಒಂದೇ. “ಗಂಟೆಗೆ ಎಷ್ಟು? ಇಪ್ಪತ್ತೇ ನಿಮಿಷ ಕೂತರೆ?” ಸಾಮಾನ್ಯವಾಗಿ ಅರ್ಧ ಗಂಟೆಯ ಹಣ ಕೊಡಲೇಬೇಕು. “ಲೈನ್ ಕಟ್ಟಾದರೆ?” ಇದಕ್ಕೆ ಉತ್ತರ ಮಾಲೀಕನ ಧರ್ಮಕ್ಕೆ ಬಿಟ್ಟದ್ದು. ಕರೆಂಟು ಹೋದರೆ ನಿಮಿಷ ಬಿಟ್ಟುಕೊಡುವ ಕೆಫೆಗೆ ಗಿರಾಕಿಗಳು ಮತ್ತೆ ಬರುತ್ತಿದ್ದರು.

“ನನ್ನದೇ ಇಂಟರ್‌ನೆಟ್ ಸಂಪರ್ಕ ಇಲ್ಲ, ಇ-ಮೇಲ್ ವಿಳಾಸ ಸಿಗುತ್ತದೆಯೇ?” ಇದು ಬಹಳ ಮುಖ್ಯವಾದ ಪ್ರಶ್ನೆ. ಅಲ್ಲಿಯವರೆಗೆ ಇ-ಮೇಲ್ ಸಾಮಾನ್ಯವಾಗಿ ಕಚೇರಿಗೋ ಹಣ ಕಟ್ಟಿದ ಸಂಪರ್ಕಕ್ಕೋ ಅಂಟಿಕೊಂಡಿತ್ತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಜಗತ್ತಿನ ಯಾವ ಗಣಕಯಂತ್ರದಿಂದಲಾದರೂ ತೆರೆಯಬಹುದಾದ ಪುಕ್ಕಟೆ ಅಂಚೆಪೆಟ್ಟಿಗೆ ಅದು. ಬ್ರಿಗೇಡ್ ರಸ್ತೆಯ ಕೆಫೆ ತೆರೆದದ್ದು ಅದಾದ ಒಂದೇ ವಾರಕ್ಕೆ. ಎರಡಕ್ಕೂ ಸಂಬಂಧವಿರಲಿಲ್ಲ, ಆದರೆ ಸ್ವಂತ ಯಂತ್ರವಿಲ್ಲದವನಿಗೂ ಸ್ವಂತ ವಿಳಾಸ ಸಿಕ್ಕದ್ದು ಇವೆರಡೂ ಸೇರಿದ್ದರಿಂದ. ಅಮೆರಿಕಕ್ಕೆ ಹೋದ ಮಗನ ಪತ್ರಕ್ಕೆ ಹದಿನೈದು ದಿನ ಕಾಯುತ್ತಿದ್ದ ತಂದೆ-ತಾಯಿ ವಾರಕ್ಕೊಮ್ಮೆ ಕೆಫೆಗೆ ಬಂದು, ಅಲ್ಲಿನ ಹುಡುಗನಿಂದಲೇ ಓದಿಸಿ, ಉತ್ತರವನ್ನೂ ಅವನಿಂದಲೇ ಟೈಪು ಮಾಡಿಸುತ್ತಿದ್ದರು.

“ಕನ್ನಡದಲ್ಲಿ ಬರೆಯಬಹುದೇ?” ಬಹುಕಾಲ ಇದಕ್ಕೆ ಉತ್ತರ ತಡವರಿಕೆಯದೇ. ಕನ್ನಡ ತಾಣಗಳು ಒಂದೊಂದೂ ಒಂದೊಂದು ಫಾಂಟ್ ಬಳಸುತ್ತಿದ್ದವು. ಆ ಫಾಂಟ್ ಕೆಫೆಯ ಯಂತ್ರದಲ್ಲಿ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟ್ ಜೊತೆಗೇ ಸಿಕ್ಕಿತು. ಅಲ್ಲಿಯವರೆಗೆ, ಎಷ್ಟೋ ಕಡೆ ಆಮೇಲೂ, ಅಮ್ಮನ ಕ್ಷೇಮಸಮಾಚಾರ ಇಂಗ್ಲಿಷ್ ಅಕ್ಷರ ತೊಟ್ಟೇ ಕಡಲು ದಾಟಿತು.

ಸಭ್ಯತೆಯ ಪಾಠ

ಅಂತರ್ಜಾಲದ ಸಭ್ಯತೆಗೂ ಒಂದು ಬರಹರೂಪ ಬಂದಿತ್ತು. 1995ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ‘ನೆಟಿಕೆಟ್’ ಮಾರ್ಗಸೂಚಿ ಪ್ರಕಟವಾಯಿತು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಬರೆದರೆ ಕಿರುಚಿದಂತೆ ಕಾಣುತ್ತದೆ, ಅಂಚೆ ಕಾರ್ಡಿನಲ್ಲಿ ಬರೆಯಲು ಹಿಂಜರಿಯುವಂಥದ್ದನ್ನು ಇ-ಮೇಲ್‌ನಲ್ಲೂ ಬರೆಯಬೇಡಿ ಎಂಬ ಕಿವಿಮಾತುಗಳು ಅದರಲ್ಲಿವೆ. ಪೋಸ್ಟ್‌ಮನ್ ಕಾರ್ಡು ಓದಿ ಸುದ್ದಿಯನ್ನು ಬಾಯಲ್ಲೇ ಹೇಳಿಹೋಗುತ್ತಿದ್ದ ಊರುಗಳ ಜನಕ್ಕೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಕೆಫೆಯೊಳಗಿನ ಕಟ್ಟಳೆಗಳನ್ನು ಯಾರೂ ಪುಸ್ತಕ ಮಾಡಲಿಲ್ಲ, ನೋಡಿ ಕಲಿತರು. ಪಕ್ಕದವರ ಪರದೆಯತ್ತ ಇಣುಕಬಾರದು. ಜನ ಕಾಯುತ್ತಿದ್ದರೆ ಸಮಯಕ್ಕೆ ಏಳಬೇಕು, ಅದರಲ್ಲೂ ಪಿಯುಸಿ ಫಲಿತಾಂಶದ ದಿನ. ಹೆಡ್‌ಫೋನ್ ಹಾಕಿಕೊಂಡವನು ತನ್ನ ದನಿ ಎಲ್ಲರಿಗೂ ಕೇಳುತ್ತಿದೆ ಎಂಬುದನ್ನು ಮರೆಯಬಾರದು. ಫ್ಲಾಪಿ ತೂರಿಸುವ ಮೊದಲು ಮಾಲೀಕನನ್ನು ಕೇಳಬೇಕು. ಒಂದು ಫ್ಲಾಪಿಯ ವೈರಸ್ ಅಂಗಡಿಯ ಯಂತ್ರಗಳನ್ನೆಲ್ಲ ಮಲಗಿಸಬಲ್ಲದು.

ಎಲ್ಲಕ್ಕಿಂತ ಮುಖ್ಯವಾದದ್ದು ಏಳುವ ಮುನ್ನ ‘ಸೈನ್ ಔಟ್’ ಒತ್ತುವುದು. ಕಿಟಕಿ ಮುಚ್ಚಿದರೆ ಮುಗಿಯಿತು ಎಂದು ಅನೇಕರು ತಿಳಿದಿದ್ದರು. ಆದರೆ ಒಳಬಂದವರು ಯಾರೆಂಬ ಗುರುತನ್ನು ತಾಣವು ಯಂತ್ರದಲ್ಲಿ ಒಂದು ಚಿಕ್ಕ ಕಡತವಾಗಿ ಇಟ್ಟಿರುತ್ತದೆ. ಅದನ್ನು ಅಳಿಸದೆ ಹೋದರೆ ಮುಂದೆ ಕೂತವನಿಗೆ ಹಿಂದಿನವರ ಅಂಚೆಪೆಟ್ಟಿಗೆ ತೆರೆದೇ ಸಿಗಬಹುದು. ಹಾಗೆ ಸಿಕ್ಕಾಗ ಓದದೆ ಮುಚ್ಚುವುದು ಕೆಫೆಯ ಅತಿ ದೊಡ್ಡ ಸಭ್ಯತೆಯಾಗಿತ್ತು. ಓದಿದವರೂ ಇದ್ದರು. ಒತ್ತಿದ ಕೀಲಿಗಳನ್ನೆಲ್ಲ ಗುಟ್ಟಾಗಿ ಬರೆದಿಡುವ ತಂತ್ರಾಂಶ ಹಾಕಿ ಪಾಸ್‌ವರ್ಡ್ ಕದಿಯುವುದೂ ಕಷ್ಟವಿರಲಿಲ್ಲ.

ನಾಲ್ಕೂವರೆ ಅಡಿಯ ಮರೆ

ಮರೆ ಎಷ್ಟಿರಬೇಕು ಎಂಬ ಜಗಳ ಶುರುವಾದದ್ದು ಇಲ್ಲಿಂದ. ಪ್ಲೈವುಡ್ಡಿನ ಗೂಡುಗಳು ಇಣುಕುವ ಕಣ್ಣುಗಳಿಂದ ರಕ್ಷಣೆ ಕೊಟ್ಟವು. ಅದೇ ಗೂಡು ಮಕ್ಕಳು ನೋಡಬಾರದ್ದನ್ನು ನೋಡುವ ಜಾಗವೂ ಆಯಿತು, ಬೆದರಿಕೆ ಇ-ಮೇಲ್ ಕಳಿಸಿ ಮಾಯವಾಗುವವನ ಅಡಗುದಾಣವೂ ಆಯಿತು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಗೂಡಿನಲ್ಲಿ ಕೂತರೆ ಊರವರ ಅನುಮಾನ, ಬಯಲಲ್ಲಿ ಕೂತರೆ ಬೆನ್ನ ಹಿಂದೆ ಕಣ್ಣು.

2004ರಲ್ಲಿ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆಂದೇ ನಿಯಮಾವಳಿ ತಂದಿತು. ಗುರುತಿನ ದಾಖಲೆ ತೋರಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆದು ಕೂರುವ ಪದ್ಧತಿ ಬಂತು. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಇನ್ನೂ ಮುಂದೆ ಹೋದವು. ಗೂಡಿನ ಮರೆ ನಾಲ್ಕೂವರೆ ಅಡಿ ಮೀರುವಂತಿಲ್ಲ. ಪೋಷಕರಿಲ್ಲದೆ ಮಕ್ಕಳು ಗೂಡಿನ ಯಂತ್ರ ಬಳಸುವಂತಿಲ್ಲ. ಯಾರು ಯಾವಾಗ ಬಂದರು ಎಂಬುದರ ಜೊತೆಗೆ ಯಂತ್ರದಲ್ಲಿ ಯಾವ ತಾಣ ತೆರೆದರು ಎಂಬ ವಿವರವನ್ನೂ ಒಂದು ವರ್ಷ ಕಾಯ್ದಿಡಬೇಕು.

ಅಪರಾಧ ತಡೆಯಲು ಇಂಥ ಕ್ರಮ ಬೇಕಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಒಂದು ಮಾತನ್ನು ಗಮನಿಸಬೇಕು. ಮನೆಯಲ್ಲಿ ಗಣಕಯಂತ್ರವಿದ್ದವರು ಬಾಗಿಲು ಹಾಕಿಕೊಂಡು ಏನನ್ನು ಓದಿದರೂ ನೆರೆಯವರ ಬಳಿ ರಿಜಿಸ್ಟರು ಇರಲಿಲ್ಲ. ಇಲ್ಲದವರು ಓದಿದ್ದು ಮಾತ್ರ ಬೀದಿಯ ಅಂಗಡಿಯಲ್ಲಿ ದಾಖಲಾಯಿತು. ಯಂತ್ರವನ್ನು ಹಂಚಿಕೊಂಡವರು ಗುಟ್ಟನ್ನೂ ಹಂಚಿಕೊಳ್ಳಬೇಕಾಯಿತು.

ಅಂಗಡಿ ಹೋಯಿತು, ಪ್ರಶ್ನೆ ಉಳಿಯಿತು

ಕೆಫೆಗಳನ್ನು ಖಾಲಿ ಮಾಡಿದ್ದು ಈ ನಿಯಮಗಳಲ್ಲ, ಮೊಬೈಲು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ದರ ಕುಸಿದ ಮೇಲೆ ಗಂಟೆ ಲೆಕ್ಕದಲ್ಲಿ ಕೂರುವವರು ವಿರಳವಾದರು. ಉಳಿದ ಅಂಗಡಿಗಳು ಕಸುಬು ಬದಲಿಸಿದವು. ಪರೀಕ್ಷೆಯ ಅರ್ಜಿ, ಪಹಣಿ, ಪಾನ್ ಕಾರ್ಡು, ಪ್ರವೇಶಪತ್ರದ ಮುದ್ರಣ ಅವುಗಳ ಇಂದಿನ ಕೆಲಸ. ಬೋರ್ಡಿನಲ್ಲಿ ಮಾತ್ರ ‘ಸೈಬರ್’ ಎಂಬ ಹೆಸರು ಹಾಗೆಯೇ ಇದೆ. ಜನರ ಬಾಯಲ್ಲೂ ಅಷ್ಟೆ, “ಸೈಬರ್‌ಗೆ ಹೋಗಿ ಹಾಕಿಸಿಕೊಂಡು ಬಾ” ಎಂಬ ಮಾತು ಮಾಯವಾಗಿಲ್ಲ.

ಈಗ ಅಲ್ಲಿ ಗಿರಾಕಿ ಯಂತ್ರದ ಮುಂದೆ ಕೂರುವುದಿಲ್ಲ, ಕೌಂಟರಿನ ಈಚೆ ನಿಂತಿರುತ್ತಾನೆ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಮೊಬೈಲಿಗೆ ಬಂದ ಒಟಿಪಿ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುತ್ತಾನೆ. ಹಿಂದೆ ನಿಂತ ನಾಲ್ವರಿಗೂ ಅದು ಕೇಳಿಸುತ್ತದೆ. ಸ್ಮಾರ್ಟ್‌ಫೋನ್ ಬಳಸಲು ಬಾರದ ಅಜ್ಜಿಗೆ, ಓದಲು ಬಾರದ ಕೂಲಿಗೆ ಬೇರೆ ದಾರಿಯಿಲ್ಲ. ಅರ್ಜಿ ತುಂಬುವ ಹುಡುಗನ ಸಭ್ಯತೆಯೇ ಅವರಿಗಿರುವ ಮೊದಲ ರಕ್ಷಣೆ.

ಆದ್ದರಿಂದ ಹಳೆಯ ಕಟ್ಟಳೆಗಳು ಇಂದಿಗೂ ಸಲ್ಲುತ್ತವೆ. ಒಟಿಪಿಯನ್ನು ಕೂಗಿ ಹೇಳದೆ ಮೊಬೈಲನ್ನೇ ತೋರಿಸುವುದು, ಕೆಲಸ ಮುಗಿದ ಮೇಲೆ ಸೈನ್ ಔಟ್ ಆಯಿತೇ ಎಂದು ಕೇಳುವುದು, ಸ್ಕ್ಯಾನ್ ಮಾಡಿದ ದಾಖಲೆಯನ್ನು ಅಂಗಡಿಯ ಯಂತ್ರದಿಂದ ಅಳಿಸಲು ಹೇಳುವುದು ಗಿರಾಕಿಯ ಹಕ್ಕು. ಕೇಳುವ ಮೊದಲೇ ಅಳಿಸುವುದು ಅಂಗಡಿಯವನ ಮರ್ಯಾದೆ. ಸರದಿಯಲ್ಲಿ ಹಿಂದೆ ನಿಂತವರು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತರೆ ಸಾಕು.