ಹಿಂದಿರುಗಿ ಬಾರದ ಇಮೇಲ್

ವಿಳಾಸದಾರರು ಸಿಗದಿದ್ದರೆ ಅಂಚೆಯವರು ಪತ್ರವನ್ನು ಕಳಿಸಿದವರಿಗೇ ಮರಳಿಸುತ್ತಾರೆ. ಇಮೇಲ್ ವ್ಯವಸ್ಥೆಯನ್ನು ಕಟ್ಟಿದವರೂ ಇದೇ ರೂಢಿಯನ್ನು ನಂಬಿದ್ದರು.

1982ರ ಆಗಸ್ಟ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ನಿಯಮಾವಳಿಯನ್ನು ಪ್ರಕಟಿಸಿದರು. ಇಂದಿಗೂ ಇಮೇಲ್ ಸಾಗುವುದು ಅದರ ಪರಿಷ್ಕೃತ ರೂಪದಲ್ಲೇ. ಕಳಿಸುವ ಕಂಪ್ಯೂಟರ್ ‘ಇಂಥವರಿಂದ, ಇಂಥವರಿಗೆ’ ಎನ್ನುತ್ತದೆ. ಪಡೆಯುವ ಕಂಪ್ಯೂಟರ್ ಮೂರಂಕಿಯಲ್ಲಿ ಉತ್ತರಿಸುತ್ತದೆ. 250 ಎಂದರೆ ಸರಿ. 4ರಿಂದ ಶುರುವಾದರೆ ಈಗ ಆಗದು, ಮತ್ತೆ ಪ್ರಯತ್ನಿಸಿ. 5ರಿಂದ ಶುರುವಾದರೆ ಆಗುವುದೇ ಇಲ್ಲ. ಅಂಥ ಹೆಸರಿನವರು ಅಲ್ಲಿಲ್ಲದಿದ್ದರೆ ಬರುವ ಉತ್ತರ 550. ಒಮ್ಮೆ ಪತ್ರವನ್ನು ಒಪ್ಪಿಕೊಂಡ ಮೇಲೆ ತಲುಪಿಸಲಾಗದೆ ಹೋದರೆ, ಆ ಸಂಗತಿಯನ್ನು ಕಳಿಸಿದವರಿಗೆ ತಿಳಿಸುವುದು ಒಪ್ಪಿಕೊಂಡವರ ಹೊಣೆ.

ಈ ಏರ್ಪಾಡಿನಲ್ಲಿ ಒಂದು ಪ್ರಶ್ನೆಗೆ ಜಾಗವಿರಲಿಲ್ಲ: ‘ಇಂಥವರಿಂದ’ ಎಂದದ್ದು ನಿಜವೇ? ಆಗ ಜಾಲದಲ್ಲಿದ್ದದ್ದು ಕೆಲವೇ ನೂರು ಕಂಪ್ಯೂಟರ್‌ಗಳು; ಪರಸ್ಪರ ನಂಬಿಕೆ ಸಾಕಾಗಿತ್ತು. ಇಂಟರ್ನೆಟ್ ಸಾರ್ವಜನಿಕರದಾದಾಗ ಸ್ಪ್ಯಾಮ್ ಕಳಿಸುವವರು ಯಾರದೋ ವಿಳಾಸವನ್ನು ತಮ್ಮದೆಂದು ಬರೆಯತೊಡಗಿದರು. ತಲುಪದ ಪತ್ರಗಳ ಸೂಚನೆಗಳೆಲ್ಲ ಆ ನಿರಪರಾಧಿಯ ಪೆಟ್ಟಿಗೆಗೆ ಬಂದು ಬಿದ್ದವು. ತಲುಪದ್ದನ್ನು ತಿಳಿಸಬೇಕೆಂಬ ಸಜ್ಜನಿಕೆಯೇ ಉಪದ್ರವವಾಯಿತು.

2008ರ ಪರಿಷ್ಕೃತ ನಿಯಮಾವಳಿ ಈ ಇಕ್ಕಟ್ಟನ್ನು ಒಪ್ಪಿಕೊಂಡಿತು. ಪತ್ರ ಗಂಭೀರ ವಂಚನೆಯದೇ ಎಂದು ಬಲವಾದ ಖಾತ್ರಿಯಿದ್ದರೆ ಮಾತ್ರ ಸದ್ದಿಲ್ಲದೆ ಬಿಸಾಡಬಹುದು ಎಂದಿತು. ಆದರೆ ಖಾತ್ರಿಯನ್ನು ಅಳೆಯುವುದು ಯಂತ್ರ. ಅದು ತಪ್ಪಿದಾಗ ನಿಜವಾದ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ, ಇಲ್ಲವೇ ಕಾಣೆಯಾಗುತ್ತದೆ.

ಗುರುತು ಕೇಳುವ ಕ್ರಮಗಳು ಒಂದೊಂದಾಗಿ ಬಂದವು. ಒಂದು ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ 2006ರಲ್ಲಿ, ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ 2007ರಲ್ಲಿ, ಇವುಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆನ್ನುವ ಡಿಮಾರ್ಕ್ 2015ರಲ್ಲಿ ಪ್ರಕಟವಾದವು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ, ರಾಶಿಗಟ್ಟಲೆ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿದವು.

ಕಾವಲು ಬಿಗಿಯಾದಂತೆ ಪ್ರಾಮಾಣಿಕರೂ ಸಿಕ್ಕಿಬೀಳುತ್ತಾರೆ. ಹಳೆಯ ಕಾಲೇಜಿನ ವಿಳಾಸಕ್ಕೆ ಬಂದ ಪತ್ರ ತಾನಾಗಿ ಹೊಸ ವಿಳಾಸಕ್ಕೆ ಹೋಗುವಂತೆ ಮಾಡಿಕೊಂಡಿದ್ದರೆ, ಅದನ್ನು ಮುಂದಕ್ಕೆ ದಾಟಿಸುವ ಕಾಲೇಜಿನ ಸರ್ವರ್ ಮೂಲ ಕಳಿಸಿದವರ ಪಟ್ಟಿಯಲ್ಲಿರುವುದಿಲ್ಲ. ಎಸ್‌ಪಿಎಫ್ ಪರೀಕ್ಷೆಯಲ್ಲಿ ಆ ಪತ್ರ ಸೋಲಬಹುದು.

550 ಎಂಬ ಉತ್ತರ ಬಂದರೆ ವಿಳಾಸ ತಿದ್ದಿ ಮತ್ತೆ ಕಳಿಸಬಹುದು. ಏನೂ ಬಾರದಿದ್ದಾಗ, ಕೆಲಸಕ್ಕೆ ಅರ್ಜಿ ಹಾಕಿದವರು ತಮ್ಮನ್ನು ಕಡೆಗಣಿಸಿದರೆಂದು ನೊಂದುಕೊಳ್ಳುತ್ತಾರೆ. ಸಂದರ್ಶನಕ್ಕೆ ಕರೆದವರು, ಇವರಿಗೆ ಆಸಕ್ತಿಯಿಲ್ಲವೆಂದುಕೊಂಡು ಮುಂದಿನ ಹೆಸರಿಗೆ ಹೋಗುತ್ತಾರೆ.