ಉದಾಸೀನವೋ, ಕಾಯಿಲೆಯೋ? ಒಂದು ಶಬ್ದದ ಹಿಂದಿನ ಚರಿತ್ರೆ

ಇವತ್ತು ಒಂದು ಶಬ್ದದಿಂದ ಶುರು ಮಾಡುವ. ಉದಾಸೀನ.

ಪುಸ್ತಕದ ಕನ್ನಡದಲ್ಲಿ ಉದಾಸೀನ ಅಂದ್ರೆ ಅಲಕ್ಷ್ಯ. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಉದಾಸೀನ ಅಂದ್ರೆ ಸೋಮಾರಿತನ. ಆದಿತ್ಯವಾರ ಬೆಳಿಗ್ಗೆ ಏಳ್ಲಿಕ್ಕೆ ಉದಾಸೀನ ಆಗ್ತದೆ, ಅದು ಎಲ್ಲರಿಗೂ ಉಂಟು. ಆದರೆ ತಿಂಗಳುಗಟ್ಟಲೆ ಹಾಸಿಗೆ ಬಿಡಲಾಗದವನಿಗೂ ಮನೆಯಲ್ಲಿ ಅದೇ ಶಬ್ದ. "ಅವನಿಗೆ ಉದಾಸೀನ, ತೋಟಕ್ಕೆ ಇಳಿದ್ರೆ ಸರಿಯಾಗ್ತಾನೆ."

ಇಂಥ ಹೆಸರು ಇಟ್ಟವರು ನಾವು ಮಾತ್ರ ಅಲ್ಲ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ, ಮಧ್ಯಾಹ್ನದ ಹೊತ್ತಿಗೆ ಮೈಮೇಲೆ ಬರುವ ಒಂದು ಭೂತದ ಬಗ್ಗೆ ಬರೆದ. ಅದರ ಹೆಸರು ಅಸೀಡಿಯಾ. ಅದು ಹಿಡಿದರೆ ಹೊತ್ತು ಹೋಗುವುದಿಲ್ಲ, ಕೆಲಸ ಬೇಡ, ಕೂತ ಕೋಣೆಯೂ ಬೇಡ. ಮುಂದಿನ ಶತಮಾನಗಳಲ್ಲಿ ಇದೇ ಅಸೀಡಿಯಾ ಕ್ರೈಸ್ತರ ಏಳು ಮಹಾಪಾಪಗಳಲ್ಲಿ 'ಸೋಮಾರಿತನ'ವಾಗಿ ಸೇರಿತು. ಸಂಕಟ ಇದ್ದದ್ದು ಪಾಪ ಆಯ್ತು.

ಪಾಪದ ಲೆಕ್ಕ ಬಿಟ್ಟು ಪ್ರಯೋಗಕ್ಕೆ ಬರ್ಲಿಕ್ಕೆ ತುಂಬಾ ಕಾಲ ಹಿಡಿಯಿತು. 1967ರಲ್ಲಿ ಅಮೆರಿಕದ ಸೆಲಿಗ್‌ಮನ್ ಮತ್ತು ಮೇಯರ್, ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಆಮೇಲೆ ದಾರಿ ಇದ್ದರೂ ಪ್ರಯತ್ನ ಬಿಡುವುದನ್ನು ತೋರಿಸಿದರು. ನಾಯಿ ಅಸಹಾಯಕತೆಯನ್ನು ಕಲಿತಿದೆ ಅಂದರು. ಸುಮಾರು 50 ವರ್ಷ ಆದ ಮೇಲೆ, 2016ರಲ್ಲಿ, ಅವರೇ ಅದನ್ನು ತಿದ್ದಿದರು: ಕಷ್ಟ ತುಂಬಾ ಹೊತ್ತು ಮುಂದುವರಿದಾಗ ಸುಮ್ಮನೆ ಬಿದ್ದಿರುವುದು ಮೆದುಳಿನ ಮೊದಲ ಉತ್ತರ. ಕಲಿಯಬೇಕಾದದ್ದು "ನನ್ನ ಕೈಯಲ್ಲಿ ಏನಾದ್ರೂ ಉಂಟು" ಅನ್ನುವುದನ್ನು.

2009ರಲ್ಲಿ ಮೈಕೆಲ್ ಟ್ರೆಡ್‌ವೇ ಮತ್ತು ಜೊತೆಗಾರರು ಪ್ರಯತ್ನವನ್ನೇ ಅಳೆಯುವ ಒಂದು ಆಟ ಮಾಡಿದರು. ಸುಲಭದ ಕೆಲಸ: ತೋರುಬೆರಳಲ್ಲಿ 7 ಸೆಕೆಂಡಿಗೆ 30 ಸಲ ಬಟನ್ ಒತ್ತಿ, 1 ಡಾಲರ್. ಕಷ್ಟದ ಕೆಲಸ: ಬಲಗೈಯವರಾದ್ರೆ ಎಡಗೈಯ ಕಿರುಬೆರಳಲ್ಲಿ 21 ಸೆಕೆಂಡಿಗೆ 100 ಸಲ, 4.30 ಡಾಲರ್ ತನಕ. ಹಣ ಸಿಗುವ ಸಾಧ್ಯತೆ 12, 50 ಅಥವಾ 88 ಶೇಕಡಾ. 2012ರಲ್ಲಿ ಖಿನ್ನತೆ ಇದ್ದವರನ್ನು ಆಡಿಸಿದಾಗ ಅವರು ಕಷ್ಟದ್ದನ್ನು ಆರಿಸಿದ್ದು ಕಡಿಮೆ. ಲಾಭ ಹೆಚ್ಚು, ಸಾಧ್ಯತೆ ಹೆಚ್ಚು ಅನ್ನುವ ಮಾಹಿತಿಯೂ ಅವರ ಆಯ್ಕೆಯನ್ನು ಅಷ್ಟಾಗಿ ಬದಲಿಸಲಿಲ್ಲ. ನಮ್ಮ ಬಿ.ಕಾಂ. ಭಾಷೆಯಲ್ಲಿ ಹೇಳುವುದಾದ್ರೆ, ಖರ್ಚು-ಲಾಭದ ಲೆಕ್ಕ ಹಾಕುವ ಪುಸ್ತಕಕ್ಕೇ ಏಟು ಬಿದ್ದಿದೆ. ಹಾಗಿರುವಾಗ "ಮನಸ್ಸು ಮಾಡು ಮಾರಾಯ" ಅಂದ್ರೆ ಏನು ಪ್ರಯೋಜನ?

ಹಾಗಂತ "ತೋಟಕ್ಕೆ ಇಳಿ" ಅನ್ನುವ ಅಜ್ಜನ ಮಾತು ಪೂರ್ತಿ ಸುಳ್ಳೂ ಅಲ್ಲ. 1970ರ ದಶಕದಲ್ಲಿ ಫರ್ಸ್ಟರ್, ಲೆವಿನ್‌ಸನ್ ಮೊದಲಾದವರು ಹೇಳಿದ್ದು ಇದನ್ನೇ: ಮನಸ್ಸು ಬರ್ಲಿ ಅಂತ ಕಾಯಬೇಡಿ, ಸಣ್ಣ ಕೆಲಸ ಮೊದಲು, ಉತ್ಸಾಹ ಹಿಂದಿನಿಂದ ಬರ್ತದೆ. ಇದು ನಮ್ಮ ಪಕ್ಕದ ಗೋವಾದಲ್ಲೇ ಪರೀಕ್ಷೆ ಆಗಿದೆ. 2013ರಿಂದ 2015ರವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 495 ಮಂದಿಯನ್ನು ವಿಕ್ರಮ್ ಪಟೇಲ್ ತಂಡ ಸೇರಿಸಿಕೊಂಡಿತು. ಸುಮಾರು ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಸಲ ಕೂತು ಮಾತಾಡಿದರು. ಮೂರು ತಿಂಗಳ ನಂತರ ಅವರಲ್ಲಿ 64 ಶೇಕಡಾ ಜನ ಚೇತರಿಸಿದ್ದರು. ಆ ಮಾತುಕತೆ ಸಿಗದವರಲ್ಲಿ 39.

ವ್ಯತ್ಯಾಸ ಎಲ್ಲಿ? ಅಜ್ಜ ಇಡೀ ತೋಟ ತೋರಿಸ್ತಾರೆ. ಚಿಕಿತ್ಸೆ ಹತ್ತು ಅಡಿಕೆ ಹೆಕ್ಕಿ ಬಾ ಅಂತದೆ, ಜೊತೆಗೆ ಒಬ್ಬರು ಬರ್ತಾರೆ, ಬೈಯುವುದಿಲ್ಲ.

ಕರ್ನಾಟಕಕ್ಕೂ ಇದರಲ್ಲಿ ಪಾಲುಂಟು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಊರಿನ ಡಾಕ್ಟರರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆಯ್ತು. 2022ರಿಂದ ಟೆಲಿ ಮನಸ್ ಉಂಟು. ನಂಬ್ರ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಶಬ್ದ ಬದಲಾಗಲು ಶತಮಾನ ಬೇಕಾಗಬಹುದು. ಪ್ರಶ್ನೆ ಬದಲಿಸಲು ಒಂದು ಸಂಜೆ ಸಾಕು. "ಯಾಕೆ ಉದಾಸೀನ?" ಅನ್ನುವ ಬದಲು "ಎಷ್ಟು ದಿನದಿಂದ ಹೀಗೆ?" ಅಂತ ಕೇಳಿ. ಎರಡು ವಾರ ದಾಟಿದ್ದರೆ, ಡಾಕ್ಟರರ ಹತ್ತಿರ ನೀವೇ ಕರ್ಕೊಂಡು ಹೋಗಿ.