ಪಿಕ್ಚರ್ ಟ್ಯೂಬಿನ ಪಾಠ

2016ರ ಜೂನ್ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ದಣಿವು ಇನ್ನೂ ಮುಖದ ಮೇಲಿತ್ತು. ಟಿವಿ ಚಾನೆಲ್ ಒಂದರ ತಾಂತ್ರಿಕ ವಿಭಾಗದ ಕೆಲಸಕ್ಕೆ ಸಂದರ್ಶನವಿತ್ತು. "ಏನಾಯ್ತವ್ವಾ?" ಎಂದೆ. ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದಳು: "ಅವ್ರು ಕೇಳಿದ್ದು ಒಂದೂ ನಮಗ ಕಲಿಸಿಲ್ರೀ ಟೀಚರ್. ನಾವು ಕಲಿತದ್ದು ಒಂದೂ ಅವ್ರು ಕೇಳ್ಲಿಲ್ರೀ."

ಆ ಕೋರ್ಸಿಗೆ ಸೇರು ಎಂದು ಅವಳಿಗೆ ಹೇಳಿದವಳು ನಾನೇ. ಅವಳಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಟೀಚರ್ ಹೇಳಿದ್ದಾರೆ ಎಂಬ ಒಂದೇ ಮಾತಿನ ಮೇಲೆ ಸಾಲ ಮಾಡಿ ಫೀ ಕಟ್ಟಿದ್ದ. ನಮ್ಮೂರಿನ ಕಾಲೇಜೊಂದು ನಡೆಸುತ್ತಿದ್ದ ಎರಡು ವರ್ಷದ ಟೆಲಿವಿಷನ್ ಪ್ರಸಾರ ತಂತ್ರಜ್ಞಾನದ ಕೋರ್ಸು ಅದು. ಕಾಲೇಜಿನ ಹೆಸರು ಇಲ್ಲಿ ಬೇಡ. ನನ್ನ ತಮ್ಮ ಅಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಆ ರಾತ್ರಿ ಅವನನ್ನು ಚೆನ್ನಾಗಿ ಬೈದೆ. ಬೈದದ್ದು ತಪ್ಪೆಂದು ಆಮೇಲೆ ತಿಳಿಯಿತು. ಪಠ್ಯಕ್ರಮ ಹಳತಾಗಿದೆಯೆಂದು ಅವನು ಆಗಲೇ ಮೂರು ಸಲ ಆಡಳಿತ ಮಂಡಳಿಗೆ ಬರೆದು ಸೋತಿದ್ದ. "ನಾ ಬರದದ್ದು ಅವ್ರಿಗೆ ತಿಳಿಯಂಗಿಲ್ಲ ಅಕ್ಕಾ. ನೀ ಹಿಸ್ಟರಿ ಕಲಿಸಾಕಿ. ಇದರ ಹಿಸ್ಟರೀನ ಬರದು ಕೊಡು, ತಿಳದ್ರೂ ತಿಳೀಬಹುದು" ಎಂದ.

ಮಿಕ್ಸಿ ಕೆಟ್ಟರೆ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡುವುದರಾಚೆಗೆ ನನಗೆ ವಿದ್ಯುತ್ತಿನ ವಿದ್ಯೆ ತಿಳಿಯದು. ಆದರೆ ಟಿವಿಯ ಚರಿತ್ರೆಯಲ್ಲಿ ನಮ್ಮ ಸೀಮೆಯ ಮೊದಲ ಅಧ್ಯಾಯ ನಾನು ಓದಿದ್ದಲ್ಲ, ಕಣ್ಣಾರೆ ಕಂಡದ್ದು.

ದೆಹಲಿಯಲ್ಲಿ ಟಿವಿ ಪ್ರಯೋಗ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಬೆಂಗಳೂರಿನವರಿಗೆ ತಮ್ಮದೇ ದೂರದರ್ಶನ ಕೇಂದ್ರ ಬರಲು 1981ರವರೆಗೆ ಕಾಯಬೇಕಾಯಿತು. ಆದರೆ ಹಿಂದುಳಿದವರೆಂದು ಎಲ್ಲರಿಂದ ಅನ್ನಿಸಿಕೊಳ್ಳುವ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಯವರು 1975ರಲ್ಲೇ ಟಿವಿ ನೋಡಿದೆವು! ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಬಿಟ್ಟುಕೊಟ್ಟಿತ್ತು. ಅದೇ 'ಸೈಟ್' ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆಯಿತು. ನಮ್ಮೂರ ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ದೊಡ್ಡ ಬುಟ್ಟಿಯಂಥ ಆಂಟೆನಾ ಬಂತು. ನನಗೆ ಆಗ ಏಳು ವರ್ಷ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಣಿತ, ಹಾಡು. ಅವ್ವ ರೊಟ್ಟಿ ತಟ್ಟುವುದನ್ನು ಬೇಗ ಮುಗಿಸಿ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದಳು.

ಸೆಟ್ಟು ಕೆಟ್ಟರೆ ಜೀಪು ಬರುತ್ತಿತ್ತು. ಜೀಪಿನಿಂದ ಇಳಿದ ಹುಡುಗರು ಹಿಂಬದಿಯ ಹಲಗೆ ಬಿಚ್ಚಿ ಏನೋ ತಡವಿದರೆ ಚಿತ್ರ ಮತ್ತೆ ಬರುವುದು. ನಮಗೆ ಅವರು ದೇವರ ಪೂಜಾರಿಗಳಿದ್ದಂತೆ. ಈ ದೇಶದಲ್ಲಿ ಟಿವಿ ಹಳ್ಳಿಗೆ ಬರಬೇಕಾದರೆ ಉಪಗ್ರಹದಷ್ಟೇ ಮುಖ್ಯವಾಗಿ ಹಲಗೆ ಬಿಚ್ಚಲು ಬಲ್ಲ ಹುಡುಗರು ಬೇಕು ಎಂಬುದು ಆ ವರ್ಷವೇ ಗೊತ್ತಾಗಿತ್ತು. ವರ್ಷ ಮುಗಿದದ್ದೇ ಉಪಗ್ರಹ ಅಮೆರಿಕದವರ ಕೆಲಸಕ್ಕೆ ಹೊರಟುಹೋಯಿತು. ಬುಟ್ಟಿ ಉಳಿಯಿತು. 1977ರಲ್ಲಿ ಗುಲ್ಬರ್ಗಾಕ್ಕೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತಾದರೂ ನಮ್ಮ ಹಳ್ಳಿಗೆ ಅದು ಎಟುಕಲಿಲ್ಲ.

ಅಂಥ ಹುಡುಗರಲ್ಲಿ ಒಬ್ಬರು ಮುಂದೆ ನಮ್ಮೂರ ಕಾಲೇಜಿನ ಇನ್‌ಸ್ಟ್ರಕ್ಟರ್ ಆದರು. 1982ರಲ್ಲಿ ಏಷ್ಯಾಡ್ ಆಟಗಳ ವರ್ಷ ಬಣ್ಣದ ಪ್ರಸಾರ ಬಂತು. 1984ರಲ್ಲಿ ಊರೂರಿಗೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ಗಳು ಏಳತೊಡಗಿದವು. ಆಮೇಲೆ ರಾಮಾಯಣ ಬಂದಾಗ ಟಿವಿ ರಿಪೇರಿಯವನಿಗೆ ಭಾನುವಾರ ಬೆಳಿಗ್ಗೆ ಇದ್ದ ಬೆಲೆ ನಿಮಗೆ ನೆನಪಿರಬಹುದು. ಕಾಲೇಜಿನವರು ಕೋರ್ಸು ತೆರೆದದ್ದು ಅದಕ್ಕಿಂತ ಸ್ವಲ್ಪ ಮುಂಚೆ, 1986ರಲ್ಲಿ. ಹೆಸರಿನಲ್ಲಿ ಪ್ರಸಾರ, ಹೊಟ್ಟೆಯಲ್ಲಿ ರಿಪೇರಿ. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಮೊದಲ ಹತ್ತು ವರ್ಷ ಅಲ್ಲಿ ಕಲಿತವರಾರೂ ಖಾಲಿ ಕೂರಲಿಲ್ಲ. 1996ರಲ್ಲಿ ಒಂದು ಸಲ ಪಠ್ಯ ತಿದ್ದಿ ಬಣ್ಣದ ಟಿವಿ, ವಿಸಿಆರ್ ಸೇರಿಸಿದರು. ಬಣ್ಣ ಬಂದು ಆಗಲೇ 14 ವರ್ಷ! ಅದಾದ ಮೇಲೆ 20 ವರ್ಷ ಒಂದಕ್ಷರ ಬದಲಾಗಲಿಲ್ಲ.

ಆ 20 ವರ್ಷಗಳಲ್ಲಿ ಹೊರಗೆ ಏನೇನಾಯಿತು? 1994ರಲ್ಲಿ ಶುರುವಾದ ಉದಯದ ಬೆನ್ನಿಗೆ ಕನ್ನಡದಲ್ಲಿ ಒಂದೊಂದೇ ಚಾನೆಲ್ ಬಂತು, 24 ಗಂಟೆಯ ಸುದ್ದಿ ಬಂತು. ಟೇಪು ಹೋಗಿ ಕಂಪ್ಯೂಟರಿನ ಸರ್ವರ್ ಬಂತು. 2013ರ ಮಾರ್ಚ್ 31 ಬೆಂಗಳೂರು, ಮೈಸೂರಿನ ಕೇಬಲ್ ಡಿಜಿಟಲ್ ಆಗಲು ಗಡುವಾಗಿತ್ತು. ಪಿಕ್ಚರ್ ಟ್ಯೂಬಿನ ಸೆಟ್ಟುಗಳು ಗುಜರಿಗೆ ಹೋದವು. ನಮ್ಮ ಹುಡುಗಿ ಮಾತ್ರ 2016ರಲ್ಲೂ ಪಿಕ್ಚರ್ ಟ್ಯೂಬಿನ ಕುತ್ತಿಗೆಯ ಸುರುಳಿಗಳ ಚಿತ್ರ ಬರೆದು 72 ಅಂಕ ಗಳಿಸಿದ್ದಳು.

ಇದನ್ನೆಲ್ಲ ನಾಲ್ಕು ಪುಟ ಬರೆದುಕೊಟ್ಟೆ. 2017ರಲ್ಲಿ ಮಂಡಳಿಯವರು ಸಮಿತಿ ಮಾಡಿದರು. ಸರ್ವರ್, ಸ್ವಿಚ್ಚು ಎಂದರೆ ಲಕ್ಷಗಟ್ಟಲೆ ಖರ್ಚು, ಹನ್ನೆರಡು ಹಳೆಯ ಟಿವಿ ಹೇಗೂ ಇವೆಯಲ್ಲ ಎಂಬುದು ಅವರ ಲೆಕ್ಕ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು. ಹೊಸ ಪಾಠ ಸೇರಿಸಿ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಯಾವುದನ್ನು ತೆಗೆಯೋಣ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಎರಡು ವರ್ಷವನ್ನು ಮೂರು ಮಾಡಲು ಬರುವಂತಿರಲಿಲ್ಲ. ನಿವೃತ್ತರಾಗಿಯೂ ಪಾಠಕ್ಕೆ ಬರುತ್ತಿದ್ದ ಆ ಹಿರಿಯ ಇನ್‌ಸ್ಟ್ರಕ್ಟರ್ ಲ್ಯಾಬಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಸಮಿತಿಯ ಸಭೆಗೆ ಹೋಗುವುದನ್ನೇ ಬಿಟ್ಟರು.

ತಮ್ಮನ ಮಾತಿಗೆ ನಾನೇ ಅವರ ಮನೆಗೆ ಹೋದೆ. ಅವರ ಹೆಂಡತಿ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟರು. ಬುಟ್ಟಿ ಆಂಟೆನಾದ ಮಾತೆತ್ತಿದ್ದೇ ತಡ, ಜೀಪು, ಮಳೆಗಾಲದ ಹಳ್ಳಗಳು, ಎಲ್ಲ ಬಂದವು. ಆಮೇಲೆ ಅವರೇ ಕಾಗದ ತೆಗೆದು ನನಗೆ ಪಾಠ ಮಾಡತೊಡಗಿದರು. ಟಿವಿಯ ಚಿತ್ರದಲ್ಲಿ 625 ಗೆರೆಗಳು. ಒಂದೇ ಸಲ ಎಳೆಯುವುದಿಲ್ಲ. ಮೊದಲು ಸಾಲು ಬಿಟ್ಟು ಸಾಲು, ಮತ್ತೆ ಬಂದು ನಡುವಿನ ಸಾಲು. ಹೀಗೆ ಸೆಕೆಂಡಿಗೆ 50 ಅರ್ಧಗಳು, 25 ಪೂರ್ತಿ ಚಿತ್ರಗಳು. ನಮ್ಮ ಮನೆಯ ವಿದ್ಯುತ್ತೂ ಸೆಕೆಂಡಿಗೆ 50 ಆವರ್ತ, ಅದಕ್ಕೆ ಹೊಂದುವಂತೆ ಇದು. ಪ್ರತಿ ಗೆರೆಗೂ, ಪ್ರತಿ ಅರ್ಧಕ್ಕೂ ಮುಂಚೆ 'ಈಗ ಶುರು' ಎಂಬ ಸೂಚನೆ, ಅದೇ ಸಿಂಕ್. ಅರ್ಧದ ಸೂಚನೆ ತಪ್ಪಿದರೆ ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತದೆ. ಹಿಂದೆ ನಾವೆಲ್ಲ ಟಿವಿಯ ತಲೆಗೆ ಬಾರಿಸುತ್ತಿದ್ದೆವಲ್ಲ, ಆ ಉರುಳು. ಬಣ್ಣದ್ದು ಇನ್ನೂ ಜಾಣತನ: ಕಪ್ಪು-ಬಿಳುಪಿನ ಸೆಟ್ಟಿನವರಿಗೂ ಅದೇ ಪ್ರಸಾರ ಕಾಣಬೇಕೆಂದು ಬೆಳಕನ್ನು ಬೇರೆ, ಬಣ್ಣವನ್ನು ಬೇರೆ ಮಾಡಿ ಕಳಿಸಿದರು. "ಇದನ್ನ ತಗದ್ರ ಏನು ಉಳೀತದ ಹೇಳು ತಂಗೀ" ಎಂದರು.

ಇದನ್ನು ನಾನು ಹಾಗೇ ತಮ್ಮನಿಗೆ ಒಪ್ಪಿಸಿದೆ. ಅವನು ಮರುದಿನವೇ ಅವರಲ್ಲಿಗೆ ಹೋದ. ಅವನು ಹೇಳಿದ್ದಿಷ್ಟು: ಇಂದಿನ ಎಚ್‌ಡಿ ಚಾನೆಲ್ಲುಗಳಲ್ಲೂ ಸಾಲು ಬಿಟ್ಟು ಸಾಲಿನ ಕ್ರಮವೇ ಇದೆ, ಸೆಕೆಂಡಿಗೆ ಅದೇ 50. ಡಿಜಿಟಲ್ ಸ್ಟುಡಿಯೋದಲ್ಲೂ ಬೆಳಕು ಬೇರೆ, ಬಣ್ಣ ಬೇರೆ. ನಮ್ಮ ಕಣ್ಣು ಬಣ್ಣದ ನಾಜೂಕನ್ನು ಅಷ್ಟಾಗಿ ಹಿಡಿಯದು ಎಂದು ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುತ್ತಾರೆ. ಆ ವರ್ಷವೇ, ಅಂದರೆ 2017ರಲ್ಲಿ, ಎಸ್‌ಟಿ 2110 ಎಂಬ ಹೊಸ ಮಾನಕ ಬಂದಿತ್ತು. ಚಿತ್ರ, ಧ್ವನಿ, ಇತರ ಮಾಹಿತಿಯನ್ನು ಪೊಟ್ಟಣ ಪೊಟ್ಟಣವಾಗಿ ಕಟ್ಟಿ, ಬೇರೆ ಬೇರೆಯಾಗಿ ಕಂಪ್ಯೂಟರ್ ಜಾಲದ ಮೇಲೆ ಕಳಿಸುವುದು. ಅವೆಲ್ಲ ಮತ್ತೆ ಒಂದೇ ಕ್ಷಣಕ್ಕೆ ಕೂಡಬೇಕಾದರೆ ಸ್ಟುಡಿಯೋದ ಯಂತ್ರಗಳ ಗಡಿಯಾರಗಳು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಸರಿಹೊಂದಿರಬೇಕು. "ಹಂಗಾರ ಅದೂ ಸಿಂಕೇ ಬಿಡು" ಎಂದರಂತೆ ಮುದುಕರು.

ಹಳೆಯ ಪುಸ್ತಕದ ಮೇಲೆ ಕೆಂಪು ಪೆನ್ನು ಹಿಡಿದು ಗೀಟು ಹಾಕಿದವರು ಕೊನೆಗೆ ಅವರೇ. ಟ್ಯೂಬು, ಸುರುಳಿ, ಸಾವಿರಾರು ವೋಲ್ಟಿನ ಟ್ರಾನ್ಸ್‌ಫಾರ್ಮರು, ವಿಸಿಆರ್, ಎಲ್ಲ ಹೋದವು. ಸಿಂಕ್, ಗೆರೆ, ಬೆಳಕು-ಬಣ್ಣ ಮೊದಲ ಮೂರು ತಿಂಗಳಿಗೆ ನಿಂತವು. ಉಳಿದ ಜಾಗಕ್ಕೆ ಚಿತ್ರ ಕುಗ್ಗಿಸುವ ವಿಧಾನ, ಕಂಪ್ಯೂಟರ್ ಜಾಲ, ಉಪಗ್ರಹಕ್ಕೆ ಕಳಿಸುವ ಕ್ರಮ ಬಂದವು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆಂದು ಟಿಪ್ಪಣಿಗಳನ್ನು ಕನ್ನಡದಲ್ಲಿ ತಿದ್ದಿಕೊಟ್ಟವಳು ನಾನು. 'ಪ್ಯಾಕೆಟ್'ಗೆ ಪೊಟ್ಟಣ ಎಂದು ಬರೆದರೆ ಹುಡುಗರು ನಕ್ಕರಂತೆ. ನಗಲಿ, ಮರೆಯುವುದಿಲ್ಲ.

ಹೊಸ ಪಠ್ಯ 2019ರಲ್ಲಿ ಜಾರಿಗೆ ಬಂತು. ಮೊದಲ ತಂಡದ ಲ್ಯಾಬನ್ನು ಕೊರೋನಾ ನುಂಗಿತು. 2022ರ ಹೊತ್ತಿಗೆ ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳೂ ಬಹುತೇಕ ಮುಚ್ಚಿದವು. ಮಂಡಳಿಯವರು ಆಗ, ಒಳ್ಳೇ ವೇಳೆಗೆ ಬದಲಾಯಿಸಿದೆವು ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ನನ್ನ ಹುಡುಗಿ ಮದುವೆಯಾಗಿ ಸಿಂಧನೂರಿನಲ್ಲಿದ್ದಾಳೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕೆಲಸ. ಕಳೆದ ದಸರೆಗೆ ಬನ್ನಿ ಕೊಡಲು ಬಂದವಳು ಮೇಜಿನ ಮೇಲಿದ್ದ ಹೊಸ ಪಠ್ಯಕ್ರಮದ ಪುಸ್ತಕ ತಿರುವಿ ಹಾಕಿದಳು. ಬಹಳ ಹೊತ್ತು ಓದಿದಳು. ಮಗು ಸೆರಗು ಜಗ್ಗುತ್ತಿತ್ತು. "ಟೀಚರ್, ಮೊದಲಿನ ಪಾಠ ನಮಗ ಬರ್ತಾವಲ್ರೀ. ಹೊಸಾ ಪೇಪರ್ ಅಷ್ಟೇ ನಾವು ಹಳೇ ಮಂದಿ ಕಟ್ಟಾಕ ಬರ್ತದೇನ್ರೀ?" ಎಂದಳು.

ತಮ್ಮನನ್ನು ಕೇಳಿದೆ. ನಿಯಮದಲ್ಲಿ ಅಂಥದ್ದಿಲ್ಲ ಎಂದ. ಪಠ್ಯ ಬದಲಿಸುವಾಗ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ, ನನಗೂ. ಅವಳನ್ನು ಅಲ್ಲೇ ಕೂರಿಸಿಕೊಂಡು ಅರ್ಜಿ ಬರೆದೆ. ಈಗ ಅದರ ಕೆಳಗೆ ಅವಳದಲ್ಲದೆ ಅವಳ ಬ್ಯಾಚಿನ ಇನ್ನೂ ಆರು ಮಂದಿಯ ಸಹಿಯಿದೆ. ಮಂಡಳಿಯ ಸಭೆ ಎಂದು ಎಂದು ತಮ್ಮನನ್ನು ವಾರಕ್ಕೊಮ್ಮೆ ಕೇಳುತ್ತಿದ್ದೇನೆ.